ಎಣಿಕೆಗೆ ಸಿಗದ ಕೆಂಬೀಟೆ

"ಈ ಕಣಿವೇಲಿ ಒಂದೂ ಕೆಂಬೀಟೆ ಇಲ್ಲ ಅಂತ ನೀನೇ ತಾನೆ ಹೇಳಿದ್ದು, ಜಾಕಮಿಸಿ?" ಲಾಲಾವು ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದಳು.

ಅಳಿದುಹೋಗುತ್ತಿರುವ ಮರಗಳ ಲೆಕ್ಕ ಹಿಡಿಯಲು ರಾಜಧಾನಿಯಿಂದ ಬಂದಿದ್ದವಳು ಅವಳು. ಎರಡು ತಿಂಗಳು ಅವಳಿಗೆ ಕಾಡು ತೋರಿಸಿದವನು ಜಾಕಮಿಸಿ.

"ಹೂಂ ಮೇಡಂ."

"ಅದಕ್ಕೇ ಮೀಸಲು ಕಾಡಿನ ಗಡಿ ಆಚೆ ಗುಡ್ಡಕ್ಕೆ ಹೋಯ್ತು. ಒಂದೇ ಒಂದು ಮರ ಸಿಕ್ಕಿದ್ರೂ ಕಣಿವೇನ ಉಳಿಸ್ತಿದ್ದೆ. ಇವತ್ತಿಂದ ಅದು ಮರ ಕಡಿಯೋ ಕಂಪನಿಯವರದು."

ಜಾಕಮಿಸಿಗೆ ಗೊತ್ತಿತ್ತು: ಮರ ಇತ್ತು. ಹಳ್ಳದಾಚೆ, ಅವನಪ್ಪ ವೆಲುಂಜಾರ ತನಗೆಂದೇ ಗೊತ್ತು ಮಾಡಿಟ್ಟುಕೊಂಡ ಮರ. ಅವರ ಊರಿನಲ್ಲಿ ಸತ್ತ ಹಿರಿಯರನ್ನು ಕೆಂಬೀಟೆಯ ದಿಮ್ಮಿ ಕೊರೆದು ಅದರೊಳಗೇ ಮಲಗಿಸಿ ಹೂಳುವುದು. ಬೇರೆ ಮರದಲ್ಲಿ ಹೋದವನನ್ನು ಪಿತೃಗಳು ಹತ್ತಿರ ಸೇರಿಸುವುದಿಲ್ಲ. ಲಾಲಾವು ತಗಡಿನ ನಂಬರು ಹೊಡೆದ ಮರಕ್ಕೆ ಆಮೇಲೆ ಕೊಡಲಿ ಮುಟ್ಟಿಸುವ ಹಾಗಿಲ್ಲ. ಅದಕ್ಕೇ ಅವನು, "ಈ ಹಳ್ಳ ದಾಟಿದ್ರೆ ನಮ್ಮ ಪಿತೃಗಳಿಗೆ ಆಗಲ್ಲ ಮೇಡಂ, ನಿಷಿದ್ಧ" ಅಂದಿದ್ದ. ಇಲ್ಲದ ನಿಷೇಧವನ್ನು ಸತ್ತವರ ತಲೆಗೆ ಕಟ್ಟಿದ್ದ. ಪಾಪ, ಅವಳು ಚಪ್ಪಲಿ ಬಿಟ್ಟು ಕೈಮುಗಿದು ಹಿಂತಿರುಗಿದ್ದಳು.

ಅವನು ಓಡಿದ. ಹಳ್ಳ ತಲುಪುವ ಮೊದಲೇ ಗರಗಸದ ಸದ್ದು ನಿಂತಿತ್ತು. ಕೆಂಬೀಟೆ ಐದು ತುಂಡಾಗಿ ಬಿದ್ದಿತ್ತು.

"ಒಂದು ತುಂಡು ಕೊಡಿ ಅಣ್ಣ, ಅಪ್ಪನಿಗೆ," ಎಂದು ಕಂಪನಿಯ ಮೇಸ್ತ್ರಿಯ ಕೈಹಿಡಿದ.

ಮೇಸ್ತ್ರಿ ಕಾಗದ ಬಿಡಿಸಿ ನಕ್ಕ. "ಪಟ್ಟೀಲಿ ಇಲ್ಲಿ ಇಂಥ ಮರವೇ ಇಲ್ವಲ್ಲಪ್ಪ. ಇಲ್ಲದ್ದನ್ನ ಎಲ್ಲಿಂದ ತಂದು ಕೊಡ್ಲಿ? ಯಾವನೋ ಪುಣ್ಯಾತ್ಮ ಸೊನ್ನೆ ಬರೆಸಿದ್ದಾನೆ, ನಮಗೆ ದಾರಿ ಸಲೀಸಾಯ್ತು."

ಜಾಕಮಿಸಿ ತನ್ನನ್ನೇ ಶಪಿಸಿಕೊಂಡ. ಶಪಿಸಿಕೊಂಡರೆ ಮರ ಎದ್ದು ನಿಲ್ಲುತ್ತದೆಯೇ?

ಮನೆಯ ಮೆಟ್ಟಿಲ ಮೇಲೆ ವೆಲುಂಜಾರ ಪಾತ್ರೆಯ ತಳದ ಸೀಕಲನ್ನಕ್ಕೆ ನೀರು ಹಾಕಿ ಕುದಿಸಿದ್ದನ್ನು ಕುಡಿಯುತ್ತ ಕೂತಿದ್ದ. ಪೊರೆ ಬಂದ ಕಣ್ಣು. ಮಗನನ್ನು ಹೆಜ್ಜೆಸಪ್ಪಳದಲ್ಲೇ ಗುರುತಿಸಿದ.

"ಹಳ್ಳದ ಕಡೆಯಿಂದ ಬಂದ್ಯೇನೋ? ನನ್ನ ಮರ ಹೇಗಿದೆ?"

"ಚೆನ್ನಾಗಿದೆ ಅಪ್ಪ."

"ಎಷ್ಟು ದಪ್ಪ ಆಗಿದೆ? ಹತ್ರ ಬಂದು ತೋರಿಸು."

ಜಾಕಮಿಸಿ ಎರಡೂ ತೋಳು ಮುಂದಕ್ಕೆ ಬಳೆಯಂತೆ ಬಾಗಿಸಿ, ಬೆರಳಿಗೆ ಬೆರಳು ತಾಗಿಸಿ ನಿಂತ. ಮುದುಕ ಲೋಟ ಕೆಳಗಿಟ್ಟು ಎದ್ದ. ತಡವರಿಸುತ್ತ ಬಂದು, ತಲೆ ತಗ್ಗಿಸಿ ಆ ತೋಳುಗಳ ನಡುವೆ ನುಸುಳಿದ. ಭುಜ ಅತ್ತ ಇತ್ತ ಆಡಿಸಿ ನೋಡಿದ.

"ಸಾಕು ಕಣೋ," ಅಂದ, "ಇದ್ರೊಳಗೆ ಹಿಡಿಸ್ತೀನಿ."