ಮರೆಮಾಡಿದ ಲೇಯರ್

ವಾಸ್ಕೋದ ಕಂಪ್ಯೂಟರ್ ಗ್ರಾಫಿಕ್ಸ್ ಕ್ಲಾಸಿನಲ್ಲಿ ಅಂದು ಪರೀಕ್ಷೆ. ಪ್ರವಾಸಿಗರಿಗಾಗಿ ಒಂದು ಪೋಸ್ಟರ್ ಮಾಡಬೇಕಿತ್ತು. ನಂದಾ ಬಾಯ್ನಾ ಕಡಲತೀರವನ್ನು ಬಿಡಿಸಿದ್ದಳು. ಕಡಲು ಒಂದು ಲೇಯರ್, ಅಂದರೆ ಒಂದು ಪದರ; ಮರಳು ಇನ್ನೊಂದು. ಅದರ ಮೇಲಿನದರಲ್ಲಿ, ಹೋದ ವರ್ಷ ಬುಲ್ಡೋಜರ್ ನೆಲಸಮ ಮಾಡಿದ ತನ್ನ ಓಣಿಯ ತಗಡಿನ ಮನೆಗಳು.

"ಇವು ಯಾಕವಾ? ತಗದಬಿಡು," ಎಂದರು ಮಿಲಿಂದ ಸರ್.

ಅಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಲೇಯರಿನ ಪಕ್ಕದ ಕಣ್ಣಿನ ಗುರುತನ್ನು ಒತ್ತಿದಳು. ಮನೆಗಳು ಕಾಣದಾದವು, ಫೈಲಿನಲ್ಲಿ ಮಾತ್ರ ಉಳಿದವು.

"ಈಗ ಚಲೋ ಆತು ನೋಡು. ಎಲ್ಲಾ ಲೇಯರ್ ಕೂಡಿಸಿ ಪ್ರಿಂಟಿಗೆ ಕೊಡು," ಎಂದು ಸರ್ ಅವಳ ಬೆನ್ನ ಹಿಂದೆಯೇ ನಿಂತರು.

ಕೂಡಿಸಹೋದರೆ ಪರದೆಯ ನಡುವೆ ಪ್ರಶ್ನೆಯೊಂದು ಧುತ್ತೆಂದು ಎದ್ದಿತು: ಮರೆಮಾಡಿದ ಲೇಯರನ್ನು ತೆಗೆದುಹಾಕಲೇ?

ನಂದಾ ಒತ್ತದೆ ಆ ಪ್ರಶ್ನೆಯನ್ನು ಮತ್ತೊಮ್ಮೆ ಓದಿದಳು.

"ಹೂಂ ಅಂತ ಒತ್ತವಾ! ಟೈಮ್ ಮುಗೀತು," ಎನ್ನುತ್ತ ಸರ್ ತಾವೇ ಮೌಸಿಗೆ ಕೈ ಚಾಚಿದರು.

ನಂದಾ ಅದನ್ನು ಗಬಕ್ಕನೆ ತನ್ನತ್ತ ಎಳೆದುಕೊಂಡಳು. ಪ್ರಶ್ನೆಯನ್ನು ರದ್ದುಮಾಡಿ ಕಣ್ಣಿನ ಗುರುತನ್ನು ಮತ್ತೆ ಒತ್ತಿದಳು. ತಗಡಿನ ಮನೆಗಳು ಸಾಲಾಗಿ ಎದ್ದು ನಿಂತವು.

"ಬುಲ್ಡೋಜರ್ ನಮ್ಮನ್ನ ಕೇಳಿರಲಿಲ್ರಿ ಸರ್," ಎಂದಳು. "ಇದು ಕೇಳೇತಿ. ನಾ ಬ್ಯಾಡ ಅಂದೇನ್ರಿ."