ಸಂತನ ಕಾಲಡಿಯ ತೂತು

ನನ್ನ ಗಂಡ ನನ್ನೊಡನೆ ಆಡಿದ ಮೊದಲ ಮಾತು, "ನಿಮ್ಮ ಗಡಿಯಾರ ತಲೆಕೆಳಗಾಗಿದೆ" ಎನ್ನುವುದು. ಆಗ ನಾನು ಆಸ್ಪತ್ರೆಗೆ ಹೊಸದಾಗಿ ಸೇರಿದ ನರ್ಸ್. ಅವರು ಕನ್ನಡಕದಂಗಡಿ ತೆರೆದು ಇನ್ನೂ ಬೋರ್ಡಿನ ಬಣ್ಣ ಒಣಗಿರಲಿಲ್ಲ. ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಕಣ್ಣು ತೋರಿಸಲು ಹೋಗಿದ್ದೆ. ನರ್ಸುಗಳ ಗಡಿಯಾರ ಎದೆಗೆ ಪಿನ್ನು ಹಾಕಿ ತೂಗುಬಿಟ್ಟದ್ದು; ಅದರಲ್ಲಿ ಹನ್ನೆರಡು ಕೆಳಗೆ, ಆರು ಮೇಲೆ. "ತಲೆಕೆಳಗಾಗಿರೋದು ನಿಮಗೆ. ನನಗೆ ನೆಟ್ಟಗಿದೆ" ಎಂದೆ. ನನ್ನ ಬಾಯಿ ಅವತ್ತೂ ಸುಮ್ಮನಿರುವ ಜಾತಿಯದ್ದಲ್ಲ. ಪಾಪ, ಕಿವಿಯವರೆಗೆ ಕೆಂಪಾದರು. ಆ ಗಾಬರಿಯಲ್ಲಿ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಕೊಟ್ಟರು. ಅದನ್ನು ಸರಿಮಾಡಿಸಲು ಹೋಗಿ ಬಂದು, ಹೋಗಿ ಬಂದು, ಕೊನೆಗೆ ಮದುವೆಯೇ ಆಗಿಹೋಯಿತು.

ಇವರಿಗೆ ಇಟಲಿಯ ಹಳೆಯ ಚಿನ್ನದ ನಾಣ್ಯಗಳ ಹುಚ್ಚು. ಅದರಲ್ಲೂ ಫ್ಲಾರೆನ್ಸ್ ನಗರದ ಫ್ಲಾರಿನ್ ಎಂದರೆ ಊಟ ನಿದ್ದೆ ಎರಡೂ ಬೇಡ. ಉಗುರಿಗಿಂತ ಸ್ವಲ್ಪ ದೊಡ್ಡದು, ಬಿಸ್ಕತ್ತಿನ ಕಾಗದದಷ್ಟೇ ತೆಳ್ಳಗೆ. ಒಂದು ಬದಿಗೆ ಲಿಲ್ಲಿ ಹೂವು, ಇನ್ನೊಂದು ಬದಿಗೆ ತುಪ್ಪಳದ ಅಂಗಿ ತೊಟ್ಟು ನಿಂತ ಸಂತ. ಅವನ ತಲೆಯ ಪಕ್ಕದಲ್ಲಿ ಒಂದು ಚಿಕ್ಕ ಗುರುತು. ಟಂಕಸಾಲೆಯ ಅಧಿಕಾರಿ ಬದಲಾದ ಹಾಗೆಲ್ಲ ಅದೂ ಬದಲಾಗುತ್ತಿತ್ತಂತೆ. ಬರಿಗಣ್ಣಿಗೆ ಇರುವೆ ಕೂತ ಹಾಗೆ ಕಾಣುವ ಆ ಗುರುತಿನ ಮುಂದೆ ನನ್ನ ಗಂಡ ಭೂತಗನ್ನಡಿ ಹಿಡಿದು ಇಡೀ ಭಾನುವಾರ ಕಳೆಯಬಲ್ಲರು. ನನ್ನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದರೆ ನಾನು ಎಂದೋ ಸುಂದರಿಯಾಗಿಬಿಡುತ್ತಿದ್ದೆ ಎಂದು ರೇಗಿಸುತ್ತೇನೆ. ನಿಜ ಹೇಳಬೇಕೆಂದರೆ, ಆ ಹೊತ್ತಿನ ಅವರ ಮುಖ ನೋಡುವುದೇ ನನಗೊಂದು ಸುಖ. ಅವರಿಗೇ ಗೊತ್ತಿಲ್ಲದೆ ಶಿಳ್ಳೆ ಹಾಕುತ್ತಿರುತ್ತಾರೆ.

ದೂರದ ಹರಾಜು ಕಂಪನಿಯೊಂದು ಪ್ರತಿವರ್ಷ ದಪ್ಪನೆಯ ಕ್ಯಾಟಲಾಗು ಕಳಿಸುತ್ತದೆ. ಅದು ಬಂದ ದಿನ ಇವರು ಬೇಕಾದ ಹಾಳೆಗಳನ್ನು ಬಿಡಿಸಿ, ಪಂಚಿಂಗ್ ಯಂತ್ರದಲ್ಲಿ ಟಕ್ಕೆಂದು ತೂತು ಹೊಡೆದು, ಫೈಲಿಗೆ ಸೇರಿಸಿಯೇ ಕೈ ತೊಳೆಯುವುದು. ಓದುವುದೆಲ್ಲ ಆಮೇಲೆ. ಈ ಸಲ ಆ ಫೈಲಿನಲ್ಲಿ, ಮದುವೆಗೆ ಮೊದಲಿನಿಂದ ಹುಡುಕುತ್ತಿದ್ದ ಗುರುತಿನ ಫ್ಲಾರಿನ್ ಸಿಕ್ಕಿತು. ಅದನ್ನು ಕೊಳ್ಳಲೆಂದು ಕೈಯಲ್ಲಿದ್ದ ಮೂರು ಒಳ್ಳೆಯ ನಾಣ್ಯಗಳನ್ನು ನನ್ನ ಸೋದರಮಾವನಿಗೆ ಮಾರಿದರು. ಮಾವ ನಾಣ್ಯ ಸಂಘದ ಅಧ್ಯಕ್ಷರು. ಕಣ್ಣಿಗೆ ಎಷ್ಟು ಚುರುಕೋ ಬಾಯಿಗೂ ಅಷ್ಟೇ. ಸಂಘದ ಪ್ರದರ್ಶನ ಹತ್ತಿರವಿತ್ತು. ಹರಾಜು ಗೆದ್ದ ಸುದ್ದಿ ಬಂದದ್ದೇ ಇವರು ತಮ್ಮ ಮಖಮಲ್ಲಿನ ತಟ್ಟೆಯ ನಟ್ಟನಡುವಿನ ಗುಳಿಯನ್ನು ಅದಕ್ಕೆಂದು ಖಾಲಿ ಮಾಡಿ, ಊರಿಗೆಲ್ಲ ಡಂಗುರ ಸಾರಿಬಿಟ್ಟರು.

ಪೊಟ್ಟಣ ಬಂತು. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಿದರು. ಬಿಚ್ಚಿದವರು ಹಾಗೇ ಕೂತರು. ನಾಣ್ಯದಲ್ಲೊಂದು ತೂತು. ಸಂತನ ಕಾಲಿನ ಹತ್ತಿರ, ದಾರ ಹೋಗುವಷ್ಟು ದೊಡ್ಡದು.

ಕಂಪನಿಯವರು ಮೋಸ ಮಾಡಿದರು ಎಂದು ನಾನು ಸೆರಗು ಬಿಗಿದು ಜಗಳಕ್ಕೆ ಸಿದ್ಧಳಾದೆ. ಇವರು ಫೈಲು ತಂದು ಹಾಳೆ ತೆಗೆದರು. ನಾಣ್ಯದ ಚಿತ್ರ ಹಾಳೆಯ ಅಂಚಿಗೇ ಇತ್ತು. ಇವರ ಪಂಚಿಂಗ್ ಯಂತ್ರ ಆ ಚಿತ್ರದ ಕೆಳತುದಿಯನ್ನೂ, ಅದರಡಿಯ ವಿವರಣೆಯ ಮೊದಲ ಪದವನ್ನೂ ಒಟ್ಟಿಗೆ ನುಂಗಿ ಹಾಕಿತ್ತು. ಉಳಿದದ್ದು ಇಷ್ಟು: "ಉಳಿದಂತೆ ಅತ್ಯುತ್ತಮ ಸ್ಥಿತಿ." ತೂತಿನ ಮಾತು ತೂತಿನಲ್ಲೇ ಹೋಗಿತ್ತು. ತಾವೇ ಹೊಡೆದ ತೂತಿನ ಮೂಲಕ ಇವರು ವಾರಗಟ್ಟಲೆ ಆ ನಾಣ್ಯವನ್ನು ಕಣ್ತುಂಬ ನೋಡಿ ಆನಂದಿಸಿದ್ದರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಉಳಿದಂತೆ ಅಂತ ಯಾಕೆ ಬರೆದಿದಾರೆ ಅಂತ ಒಂದು ಸಲಾನೂ ಅನ್ನಿಸ್ಲಿಲ್ವೇನ್ರೀ?" ಎಂದು ಕೇಳುತ್ತಾ ಅವರ ಮುಖ ನೋಡಿದೆ. ನಗು ಅಲ್ಲೇ ನಿಂತುಹೋಯಿತು.

"ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡ್ತೀನಿ. ನನ್ನ ಕಣ್ಣಿಗೆ ನಾನೇ ಮಣ್ಣೆರಚಿಕೊಂಡೆ ಕಣೇ" ಎಂದರು. "ಸಾಕು. ಎಲ್ಲ ಮಾವನಿಗೆ ಕೊಟ್ಟುಬಿಡ್ತೀನಿ."

ಬಾಯಿಮಾತಿಗೆ ಹೇಳಿದ್ದಿರಬೇಕು ಎಂದುಕೊಂಡೆ. ಅಲ್ಲ. ತಟ್ಟೆಗಳನ್ನೆಲ್ಲ ಜೋಡಿಸಿ, ಬಟ್ಟೆ ಸುತ್ತಿ, ಹಗ್ಗ ಕಟ್ಟಿ ಬಾಗಿಲ ಪಕ್ಕದಲ್ಲಿಟ್ಟರು. ಮನೆಯಲ್ಲಿ ಶಿಳ್ಳೆ ನಿಂತಿತು. ಅದು ಇದ್ದಾಗ ತಲೆನೋವು ಎನ್ನುತ್ತಿದ್ದವಳು ನಾನೇ. ಈಗ ಹಿಟ್ಟು ಕಲೆಸುವಾಗ, ಬಟ್ಟೆ ಮಡಚುವಾಗ ಕಿವಿ ಅದನ್ನೇ ಹುಡುಕುತ್ತಿತ್ತು. ನಾಣ್ಯ ಹೋದರೆ ಹೋಗಲಿ, ಆ ಶಿಳ್ಳೆಯ ಮನುಷ್ಯ ಹೋಗುವುದು ನನಗೆ ಬೇಡವಾಗಿತ್ತು.

ಪ್ರದರ್ಶನದ ಹಿಂದಿನ ದಿನ ಮಾವ ಬಂದರು. ಹಗ್ಗ ಕಟ್ಟಿದ ಗಂಟನ್ನು ಕಂಡು ಅವರಿಗೂ ಮುಜುಗರವಾಯಿತು. ಆದರೆ ಮುಜುಗರವಾದಾಗ ಮಾವನ ನಾಲಿಗೆ ಇನ್ನೂ ಉದ್ದವಾಗುತ್ತದೆ. ಚಹಾ ಮುಗಿಸಿ, ತೂತಿನ ಫ್ಲಾರಿನ್ನನ್ನು ಬೆಳಕಿಗೆ ಹಿಡಿದರು.

"ಇದು ನಾಣ್ಯ ಅಲ್ಲ ಅಳಿಯಂದಿರೇ, ಅಂಗಿ ಗುಂಡಿ" ಎಂದರು. "ಕೊರೆದವನಿಗೆ ಬುದ್ಧಿಯಾದ್ರೂ ಬೇಡ್ವಾ. ತಲೆ ಕಡೆ ಕೊರೆಯೋದು ಬಿಟ್ಟು ಕಾಲ ಹತ್ರ ಕೊರೆದಿದಾನೆ. ಕೊರಳಿಗೆ ಹಾಕ್ಕೊಂಡ್ರೆ ಸಂತ ತಲೆಕೆಳಗಾಗಿ ನೇತಾಡ್ತಾನೆ."

ನಾನು ಮಧ್ಯಾಹ್ನದ ಪಾಳಿಗೆ ಹೊರಟು, ಕನ್ನಡಿಯ ಮುಂದೆ ಎದೆಗೆ ಗಡಿಯಾರ ಚುಚ್ಚಿಕೊಳ್ಳುತ್ತಿದ್ದೆ. ಕೈ ಅಲ್ಲೇ ನಿಂತಿತು. ಕನ್ನಡಿಯೊಳಗಿನ ಗಡಿಯಾರವನ್ನು ನೋಡಿದೆ, ಮಾವನ ಕೈಯ ನಾಣ್ಯವನ್ನು ನೋಡಿದೆ, ಸೀದಾ ಹೋಗಿ ಅದನ್ನು ಕಿತ್ತುಕೊಂಡೆ. ಹೊಲಿಗೆ ಪೆಟ್ಟಿಗೆಯ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡು, ತಲೆ ತಗ್ಗಿಸಿ, ನಾಡಿ ಹಿಡಿದಾಗ ಗಡಿಯಾರ ಎತ್ತುವಂತೆ ಒಂದು ಬೆರಳಿನಿಂದ ಅದರ ಕೆಳತುದಿಯನ್ನು ಎತ್ತಿದೆ. ಸಂತ ಕಾಲೂರಿ, ತಲೆಯೆತ್ತಿ, ನನ್ನನ್ನೇ ನೋಡುತ್ತಾ ನಿಂತಿದ್ದ.

ಅದನ್ನು ಗಂಡನ ಕೊರಳಿಗೆ ಹಾಕಿ, "ಎತ್ತಿ ನೋಡ್ರೀ" ಎಂದೆ. ಅವರು ಬೇಸರದಿಂದಲೇ ಎತ್ತಿದರು.

"ನಿಂತಿದಾನೆ" ಎಂದರು. "ನೆಟ್ಟಗೆ ನಿಂತಿದಾನೆ ಕಣೇ."

ಆಮೇಲೆ ನನ್ನ ಗಡಿಯಾರದ ಕಡೆ ಕಣ್ಣು ಹಾಯಿಸಿ, ಆ ಮೊದಲ ದಿನದ ಹಾಗೆಯೇ ಕಿವಿಯವರೆಗೆ ಕೆಂಪಾದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಮಾವನಿಗೆ ನಾನೇ ಬಿಡಿಸಿ ಹೇಳಿದೆ: ಇದನ್ನು ಕೊರೆಸಿದವರು ಯಾರೋ, ಊರಿಗೆ ತೋರಿಸಲೆಂದು ಕೊರೆಸಿದ್ದಲ್ಲ, ತಾವು ನೋಡಿಕೊಳ್ಳಲೆಂದು ಕೊರೆಸಿದ್ದು. ಮಾವ ಬಿಡುವವರೇ? ಅದಕ್ಕೆ ಪುರಾವೆ ಏನು ಎಂದು ಪಟ್ಟು ಹಿಡಿದರು. ಪುರಾವೆ ನನ್ನಲ್ಲೂ ಇರಲಿಲ್ಲ. ದಾರವನ್ನು ಅವರ ಕೊರಳಿಗೇ ಹಾಕಿದೆ. ಅಧ್ಯಕ್ಷರು ಗದ್ದವನ್ನು ಎದೆಗೆ ಒತ್ತಿ, ಅಭ್ಯಾಸಬಲದಿಂದ ಭೂತಗನ್ನಡಿಯನ್ನೂ ಹಿಡಿದು, ಬಹಳ ಹೊತ್ತು ನೋಡಿದರು. ತೂತಿನ ಅಂಚು ದಾರ ಎಳೆದ ಕಡೆಗೆ ಸವೆದು ನುಣ್ಣಗಾಗಿದೆ, ಯಾರೋ ವರ್ಷಗಟ್ಟಲೆ ಹಾಕಿಕೊಂಡಿದ್ದಾರೆ ಎಂದು ಅವರೇ ಕಂಡುಹಿಡಿದರು. ನನಗೆ ಪಾಳಿಗೆ ಹೊತ್ತಾಗುತ್ತಿತ್ತು. ಅವರು ಕೊರಳಿನಿಂದ ತೆಗೆಯುವ ಸೂಚನೆಯೇ ಇಲ್ಲ, ಕೇಳಿ ಇಸಿದುಕೊಳ್ಳಬೇಕಾಯಿತು.

"ಗುಂಡಿ ಅಂದಿದ್ದನ್ನ ವಾಪಸ್ ತಗೊಂಡೆ" ಎಂದರು ಮಾವ. "ಆದ್ರೆ ತೂತು ತೂತೇ ಮತ್ತೆ."

ಪಾಳಿ ಮುಗಿಸಿ ಬಂದಾಗ ಮೆಟ್ಟಿಲಿನಲ್ಲೇ ಶಿಳ್ಳೆ ಕೇಳಿಸಿತು. ಗಂಟಿನ ಹಗ್ಗ ಬಿಚ್ಚಿತ್ತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಗಿತ್ತು. ನಾನು ಬೈಯದೆ ಒರೆಸಿದ್ದು ಅದೊಂದೇ ಸಲ.

ಮರುದಿನ ಪ್ರದರ್ಶನದಲ್ಲಿ ಇವರ ತಟ್ಟೆಯ ಮುಂದೆ ಜನವೋ ಜನ. ನಡುವಿನ ಗುಳಿ ಖಾಲಿ. ಅದರ ಪಕ್ಕದಲ್ಲಿ ಇವರ ದುಂಡಗಿನ ಅಕ್ಷರದ ಚೀಟಿ: "ಈ ನಾಣ್ಯ ನನ್ನ ಹೆಂಡತಿಯ ಕೊರಳಲ್ಲಿದೆ. ನೋಡಬಯಸುವವರು ದಯವಿಟ್ಟು ಅವಳನ್ನೇ ಕೇಳಿಕೊಳ್ಳಿ." ನನಗೆ ಮೊದಲೇ ಹೇಳಿರಲಿಲ್ಲ. ಹೊರಡುವ ಮುಂಚೆ, ಭದ್ರವಾಗಿರಲಿ ಎಂಬ ನೆಪ ಹೇಳಿ ಸರದಲ್ಲಿ ಪೋಣಿಸಿ ಕೊರಳಿಗೆ ಹಾಕಿದ್ದರು. ಬಂದವರೆಲ್ಲ ನನ್ನ ಮುಂದೆ ಸಾಲು ನಿಂತು, ಕತ್ತನ್ನು ಬಾತುಕೋಳಿಯ ಹಾಗೆ ತಿರುಗಿಸಿ ನೋಡಿದ್ದೇ ನೋಡಿದ್ದು. ಮಾವ ದೂರದಲ್ಲಿ ಯಾರಿಗೋ ಇದರ ಕಥೆಯನ್ನು, ತಾವೇ ಕಂಡುಹಿಡಿದದ್ದು ಎನ್ನುವ ಹಾಗೆ, ಕೈ ಬೀಸಿ ಬೀಸಿ ಹೇಳುತ್ತಿದ್ದರು. ಹೇಳಿಕೊಳ್ಳಲಿ ಎಂದು ಬಿಟ್ಟೆ.

ಸಂಜೆಯ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಅವಳು ಚೀಟಿಯನ್ನೂ ಓದಿರಲಿಲ್ಲ, ಮಾವನ ಕಥೆಯನ್ನೂ ಕೇಳಿರಲಿಲ್ಲ. ನನ್ನ ಕೊರಳನ್ನು ನೋಡಿ, ನನಗೆ ಅವಮಾನವಾಗಬಾರದೆಂದು ದನಿ ತಗ್ಗಿಸಿ, "ಏನೂ ತಿಳ್ಕೋಬೇಡಿ, ನಿಮ್ಮ ಪದಕ ತಲೆಕೆಳಗಾಗಿದೆ" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ, ಪಕ್ಕದ ಮೇಜಿನ ನಾಣ್ಯವೊಂದರ ಮೇಲೆ ಬಾಗಿದ್ದ ನನ್ನ ಗಂಡ, ಭೂತಗನ್ನಡಿಯಿಂದ ಕಣ್ಣೂ ತೆಗೆಯದೆ, "ತಲೆಕೆಳಗಾಗಿರೋದು ನಿಮಗೆ" ಎಂದರು. "ಅವಳಿಗೆ ನೆಟ್ಟಗಿದೆ."