ಮೊದಲ ಮೂರು ರೆಕಾರ್ಡು

ನಮ್ಮಕ್ಕನಿಗೆ ಎರಡನೇ ಮದುವೆ ಮಾಡಿಸಬೇಕೆಂಬ ಹುಚ್ಚು ನನಗೇನೂ ಇರಲಿಲ್ಲ. ಭಾವ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿಬ್ಬರೂ ಅವರವರ ಸಂಸಾರ ಹೂಡಿಕೊಂಡಿದ್ದರು, ನಾವಿಬ್ಬರು ಅಕ್ಕತಂಗಿಯರು ಸೇರಿ ನಡೆಸುವ ಕನ್ನಡಕದ ಅಂಗಡಿ ಚೆನ್ನಾಗಿಯೇ ಇತ್ತು. ಅವಳು ಒಳಗಿನ ಕತ್ತಲೆ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ, ನಾನು ಹೊರಗೆ ಫ್ರೇಮು ಮಾರುತ್ತೇನೆ. ಆದರೆ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅವಳಿಗೆ ಇಲ್ಲದ ಕೆಲಸಗಳೆಲ್ಲ ನೆನಪಾಗುತ್ತಿದ್ದವು. ಒರೆಸಿದ ಲೆನ್ಸನ್ನೇ ಮತ್ತೆ ಒರೆಸುತ್ತಿದ್ದಳು. ಖಾಲಿ ಮನೆಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ.

ಹೀಗಿರುವಾಗ ಲಿಫ್ಟಿನವರು ಬಂದರು. ನಮ್ಮ ಅಂಗಡಿ ಮೂರನೇ ಮಹಡಿಯಲ್ಲಿದೆ. ಆ ಕಟ್ಟಡದ ಮುದಿ ಲಿಫ್ಟನ್ನು ತಿಂಗಳಿಗೊಮ್ಮೆ ಬಂದು ನೋಡಿಕೊಳ್ಳುವ ಮೆಕ್ಯಾನಿಕ್ ಅವರು. ತಲೆ ಪೂರ್ತಿ ಬೆಳ್ಳಗಾಗಿದೆ, ಹೆಂಡತಿ ಹೋಗಿ ಬಹಳ ಕಾಲವಾಗಿದೆ, ಮಾತು ಕಡಿಮೆ. ಕಡಿಮೆ ಎಂದು ನಾನು ಅಂದುಕೊಂಡಿದ್ದೆ, ಅಷ್ಟೆ. ಓದುವ ಕನ್ನಡಕ ಬೇಕೆಂದು ಒಂದು ದಿನ ಒಳಗೆ ಬಂದು ಕೂತರು. ಆಗ ನಮ್ಮ ರೇಡಿಯೋದಲ್ಲಿ ಅಕ್ಕನ ಪ್ರಾಣವಾದ ಹಳೇ ರಾಕ್ ಬ್ಯಾಂಡಿನ ಹಾಡು ಬರುತ್ತಿತ್ತು. ಚಪ್ಪಾಳೆ ತಟ್ಟಿಸುವ, ಮಗುವಿಗೂ ಬಾಯಿಪಾಠವಾಗುವಂಥ ಹಾಡು. ಅವರು ಹುಳಿ ದ್ರಾಕ್ಷಿ ಕಚ್ಚಿದವರ ಹಾಗೆ ಮುಖ ಮಾಡಿದರು.

"ಒಳ್ಳೇ ಬ್ಯಾಂಡು. ಮೂರು ರೆಕಾರ್ಡ್ ಮಾಡಿ ಸತ್ತೋಯ್ತು," ಎಂದರು.

ಅಕ್ಕ ಒಳಗಿನಿಂದಲೇ ಕೇಳಿಸಿಕೊಂಡು ಹೊರಗೆ ಬಂದಳು. "ಸತ್ತೋಯ್ತಾ? ಆಮೇಲೆ ಹತ್ತು ರೆಕಾರ್ಡ್ ಬಂದಿದೆ!"

"ಬಂದಿದೆ ಮೇಡಂ. ಅದು ಬ್ಯಾಂಡಲ್ಲ, ಅಂಗಡಿ."

"ಅಂಗಡಿ ಅನ್ನೋದು ಬೈಗುಳನಾ? ನೀವೀಗ ಕೂತಿರೋದು ಎಲ್ಲಿ?"

ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಗಿರಾಕಿಯ ಜೊತೆ ಅಕ್ಕ ಹಾಗೆ ಮಾತಾಡಿದ್ದು ನಾನು ಕಂಡಿರಲಿಲ್ಲ. ಲಿಫ್ಟಿನವರು ಕಿವಿಯವರೆಗೂ ಕೆಂಪಾದರು, ಆದರೆ ಪಟ್ಟು ಬಿಡಲಿಲ್ಲ. ಮೊದಲ ಮೂರು ರೆಕಾರ್ಡುಗಳನ್ನು ಆ ನಾಲ್ಕು ಜನ ಯಾರದೋ ಗ್ಯಾರೇಜಿನಲ್ಲಿ ಕೂತು ಮಾಡಿದ್ದಂತೆ. ಒಂದೊಂದು ಹಾಡೂ ಹದಿನೈದು ನಿಮಿಷವಂತೆ. ಒಂದರಲ್ಲಿ ಹಾಡುವವನಿಗೆ ಕೆಮ್ಮು ಬರುತ್ತದೆ, ಹಾಗೇ ಬಿಟ್ಟಿದ್ದಾರಂತೆ.

"ಅವ್ರು ಒಬ್ಬರನ್ನೊಬ್ರು ಕೇಳಿಸ್ಕೊಂಡು ಬಾರಿಸ್ತಿದ್ರು ಮೇಡಂ. ಆಮೇಲೆ ಎಲ್ಲ ಮೆಷಿನ್ ತಾಳ, ಹೊಳೆಯೋ ಅಂಗಿ."

"ಹದಿನೈದು ನಿಮಿಷದ ಹಾಡು ಕೇಳಕ್ಕೆ ನಿಮಗೆ ಪುರುಸೊತ್ತಿತ್ತು. ನಾನು ಎರಡು ಮಕ್ಕಳನ್ನ ಇಟ್ಕೊಂಡಿದ್ದೆ. ರೇಡಿಯೋದಲ್ಲಿ ಒಂದು ಹಾಡು ಮುಗಿಯೋದ್ರಲ್ಲಿ ಇಬ್ಬರಿಗೂ ಶೂ ಹಾಕಬೇಕಿತ್ತು. ಅಷ್ಟರಲ್ಲೇ ನನ್ನನ್ನ ನಗಿಸಿ ಕೆಲಸಕ್ಕೆ ಕಳಿಸಿದ್ದು ಆ ಹಾಡು. ಅಷ್ಟು ಚಿಕ್ಕದಾಗಿ, ಎಲ್ರಿಗೂ ತಿಳಿಯೋ ಹಾಗೆ ಮಾಡೋದು ಸುಲಭ ಅಂದ್ಕೊಂಡ್ರಾ?"

"ಸುಲಭ ಅಲ್ಲ. ಆದ್ರೆ ದೊಡ್ಡದೂ ಅಲ್ಲ."

ಅಂದು ಅವರ ಕಣ್ಣು ಪರೀಕ್ಷೆ ಆಗಲೇ ಇಲ್ಲ. ಮರುವಾರ ಬಂದು ಮಾಡಿಸಿಕೊಂಡರು. ಆಮೇಲೆ ಕನ್ನಡಕದ ಸ್ಕ್ರೂ ಸಡಿಲವಾಯಿತು, ಮೂಗಿನ ಹತ್ತಿರ ಒತ್ತಿತು, ಕಿವಿಯ ಹಿಂದೆ ಕಚ್ಚಿತು. ಇಡೀ ಕಟ್ಟಡದ ಲಿಫ್ಟು ಬಿಚ್ಚಿ ಜೋಡಿಸುವ ಮನುಷ್ಯನಿಗೆ ಒಂದು ಕಡ್ಡಿಯಷ್ಟು ಸ್ಕ್ರೂ ತಿರುಗಿಸಲು ಬರುವುದಿಲ್ಲವೇ? ನಾನೇನು ಕಿವಿಗೆ ಹೂ ಇಟ್ಟುಕೊಂಡು ಕೂತಿರಲಿಲ್ಲ. ಪ್ರತಿ ಸಲವೂ ಅದೇ ಜಗಳ: ಮೊದಲಿನದೋ, ಆಮೇಲಿನದೋ. ನನಗಂತೂ ತಲೆ ಚಿಟ್ಟು ಹಿಡಿದುಹೋಯಿತು. ಆದರೆ ಅಕ್ಕ ಅವರು ಬರುವ ದಿನ ಬೆಳಗ್ಗೆಯೇ ಮಾತು ತಯಾರು ಮಾಡಿಕೊಂಡು ಬರುತ್ತಿದ್ದಳು. ಸಂಜೆ ಹಾಡು ಗುನುಗುತ್ತಾ ನನಗಿಂತ ಮೊದಲೇ ಬಾಗಿಲು ಹಾಕುತ್ತಿದ್ದಳು. ಇವರಿಬ್ಬರೂ ಒಂದಾಗಲಪ್ಪ ಎಂದು ನಾನು ಮನಸ್ಸಿನಲ್ಲೇ ಹಾರೈಸತೊಡಗಿದೆ.

ಒಂದು ಶನಿವಾರ ಮಧ್ಯಾಹ್ನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಉಗುರಿನೊಳಗಿನ ಗ್ರೀಸು ಕೂಡ ತಿಕ್ಕಿ ತೆಗೆದಿದ್ದರು. ನನಗೆ ವಿಷಯ ತಿಳಿದುಹೋಯಿತು. ಫ್ರೇಮು ಜೋಡಿಸುವ ನೆಪದಲ್ಲಿ ಮೂಲೆಗೆ ಸರಿದೆ.

"ಮೇಡಂ, ಕೂತು ಯೋಚನೆ ಮಾಡ್ದೆ," ಎಂದರು. "ನೀವು ಹೇಳಿದ್ದೇ ಸರಿ. ಆಮೇಲಿನ ಹಾಡುಗಳೇ ಚೆನ್ನಾಗಿವೆ. ನಾನು ಸುಮ್ನೆ ಹಠ ಮಾಡ್ತಿದ್ದೆ."

ಅಬ್ಬಾ, ಬುದ್ಧಿ ಬಂತು ಎಂದು ನಾನು ಖುಷಿಪಟ್ಟೆ. ಅವರು ಅದೇ ಉಸಿರಿನಲ್ಲಿ ಮುಂದುವರಿದರು. "ನಾವಿಬ್ರೂ ಈ ವಯಸ್ಸಲ್ಲಿ ಒಬ್ಬೊಬ್ರೇ ಯಾಕಿರಬೇಕು? ಮದುವೆ ಆಗೋಣ್ವಾ?"

ಅಕ್ಕ ಅವರನ್ನೇ ನೋಡಿದಳು. "ಯಾವ ಹಾಡು ಚೆನ್ನಾಗಿದೆ?"

"ಎಲ್ಲಾನೂ."

"ಎಲ್ಲಾನೂ ಚೆನ್ನಾಗಿದ್ಯಾ? ನನಗೇ ಅದರಲ್ಲಿ ಅರ್ಧ ಆಗಲ್ಲ."

"ನಿಮಗೆ ಯಾವುದು ಇಷ್ಟಾನೋ ಅದು."

ಅಕ್ಕನ ಮುಖ ಬಾಡಿತು. "ಬೇಡ ಬಿಡಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಲಿಫ್ಟಿನವರು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು, ನನಗೊಂದು ನಮಸ್ಕಾರ ಹೇಳಿ ಮೆಟ್ಟಿಲಿಳಿದು ಹೋದರು.

ನನಗೆ ಕೋಪ ನೆತ್ತಿಗೇರಿತು. ಬಾಗಿಲು ಬಡಿದು ಒಳಗೆ ನುಗ್ಗಿದೆ. "ನಿನಗೇನಾಗಿದೆ ಅಕ್ಕ? ಪಾಪ, ಆ ಮನುಷ್ಯ ಸೋತೆ ಅಂತ ಬಂದ್ರೆ—"

"ಸೋತು ಬಂದ್ರು, ಅದಕ್ಕೇ." ಅಕ್ಕ ಪರೀಕ್ಷೆಯ ಲೆನ್ಸುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದಳು. "ದಿನಾ ಇಲ್ಲಿ ಜನ ಬಂದು ಕೂರ್ತಾರೆ. ಇದು ಸ್ಪಷ್ಟನಾ, ಅದು ಸ್ಪಷ್ಟನಾ ಅಂತ ಕೇಳ್ತೀನಿ. ಕೆಲವರು ತಮಗೆ ಕಂಡಿದ್ದು ಹೇಳಲ್ಲ ಕಣೇ, ನಾನು ಯಾವ ಉತ್ತರ ಕಾಯ್ತಿದೀನಿ ಅಂತ ನೋಡಿ ಅದನ್ನೇ ಹೇಳ್ತಾರೆ. ಮರ್ಯಾದಸ್ಥರು. ಆಮೇಲೆ ತಪ್ಪು ಕನ್ನಡಕ ಹಾಕ್ಕೊಂಡು ತಲೆನೋವು ಅಂತ ಒದ್ದಾಡ್ತಾರೆ."

"ಇದು ಕನ್ನಡಕ ಅಲ್ಲ, ಹಾಡು."

"ನಿನ್ನ ಭಾವ ನೆನಪಿದಾರಲ್ಲ? ಎಂಥ ಒಳ್ಳೆಯವರು. ಯಾವ ಮನೆ ತಗೊಳ್ಳೋಣ? ನಿನ್ನಿಷ್ಟ. ಮಗುಗೆ ಏನ್ ಹೆಸರಿಡೋಣ? ನಿನ್ನಿಷ್ಟ. ಕೊನೇಲಿ ಆಸ್ಪತ್ರೆಲಿ ಕೈ ಹಿಡ್ಕೊಂಡು ಕೇಳ್ದೆ, ಏನಾದ್ರೂ ತಿನ್ನಬೇಕು ಅನ್ಸುತ್ತಾ ಅಂತ. ನಿನ್ನಿಷ್ಟ ಅಂದ್ರು." ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು. "ಅವರಿಗೆ ಏನಿಷ್ಟ ಅಂತ ನನಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ಅಷ್ಟು ವರ್ಷ ಒಬ್ಬಳೇ ಸಂಸಾರ ಮಾಡ್ದಂಗಾಯ್ತು. ಇನ್ನೊಂದು ಸಲ ನನ್ನ ಕೈಲಾಗಲ್ಲ."

ಭಾವನನ್ನು ದೇವರಂಥ ಮನುಷ್ಯ ಎಂದು ಊರೆಲ್ಲ ಹೊಗಳುತ್ತಿತ್ತು, ನಾನೂ ಹೊಗಳಿದ್ದೆ. ಅಕ್ಕನ ಪಾಡು ನನಗೆ ಹೊಳೆದೇ ಇರಲಿಲ್ಲ.

ಲಿಫ್ಟಿನವರು ಮತ್ತೆ ಬರಲಿಲ್ಲ. ಅವರ ಸ್ಕ್ರೂ ಗಟ್ಟಿಯಾಯಿತೆಂದು ಕಾಣುತ್ತದೆ. ಅಕ್ಕ ಮತ್ತೆ ಸಂಜೆ ಒರೆಸಿದ್ದನ್ನೇ ಒರೆಸಲು ಶುರುಮಾಡಿದಳು. ಒಂದು ಭಾನುವಾರ ಅವಳ ಮನೆಗೆ ಹೋದರೆ ಬೀದಿಗೆಲ್ಲ ಕೇಳುವಂತೆ ಗಿಟಾರಿನ ಅಬ್ಬರ. ಹಳೇ ರೆಕಾರ್ಡು ಮಾರುವ ಅಂಗಡಿ ಹುಡುಕಿಕೊಂಡು ಹೋಗಿ ಆ ಮೊದಲ ಮೂರನ್ನೂ ತಂದಿದ್ದಳು. ಕೈಕಟ್ಟಿ, ಹುಬ್ಬು ಗಂಟು ಹಾಕಿಕೊಂಡು, ಪರೀಕ್ಷೆಗೆ ಓದುವವಳಂತೆ ಕೇಳುತ್ತಿದ್ದಳು. ಹೇಗಿದೆ ಎಂದರೆ, "ನಿನಗ್ಯಾಕೆ ಹೇಳ್ಬೇಕು?" ಎಂದಳು.

ತಿಂಗಳು ತುಂಬಿತು, ಲಿಫ್ಟಿನ ಸರ್ವಿಸಿನ ದಿನ ಬಂತು. ಮಟಮಟ ಮಧ್ಯಾಹ್ನ. ಲಿಫ್ಟನ್ನು ಎರಡು ಮಹಡಿಗಳ ನಡುವೆ ನಿಲ್ಲಿಸಿ, ಅದರ ಚಾವಣಿಯ ಮೇಲೆ ನಿಂತು ಅವರು ಕಂಬಿಗಳಿಗೆ ಗ್ರೀಸು ಹಚ್ಚುತ್ತಿದ್ದರು. ನಮ್ಮ ಮಹಡಿಯ ಬಾಗಿಲು ತೆರೆದಿತ್ತು. ನೆಲಕ್ಕಿಂತ ಮೇಲೆ ಅವರ ತಲೆ, ಎದೆ ಮಾತ್ರ ಕಾಣುತ್ತಿತ್ತು. ನಮ್ಮ ಅಂಗಡಿಯ ಕಡೆ ತಿರುಗಿ ನೋಡಬಾರದೆಂದು ಅವರು ಪಡುತ್ತಿದ್ದ ಕಷ್ಟ ನೋಡಿ ನನಗೇ ಕರುಣೆ ಬಂತು.

ಅಕ್ಕ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಹೊರಗೆ ಹೋದಳು. ಲಿಫ್ಟಿನ ಬಾಗಿಲಲ್ಲಿ ನಿಂತು ಕೆಳಗೆ ನೋಡಿದಳು.

"ಮೂರೂ ಕೇಳ್ದೆ," ಎಂದಳು. "ಎರಡನೇದು ಚೆನ್ನಾಗಿದೆ. ಬಹಳ ಚೆನ್ನಾಗಿದೆ, ಕೇಳ್ತಾ ಅತ್ಬಿಟ್ಟೆ. ಮೊದಲನೇದು ಪರವಾಗಿಲ್ಲ. ಮೂರನೇದು ಬರೀ ಗಲಾಟೆ."

ಅವರು ಗ್ರೀಸಿನ ಡಬ್ಬ ಕೆಳಗಿಟ್ಟರು. ಬೇಡ ಬೇಡ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದುದು ಅವರ ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ತಡೆಯಲಾಗಲಿಲ್ಲ.

"ಮೂರನೇದು ಗಲಾಟೆನಾ?"

"ಗಲಾಟೆ. ಡ್ರಮ್ಮಿನವನು ಯಾರ ಮೇಲೋ ಸಿಟ್ಟು ತೀರಿಸ್ಕೊಳ್ತಿದಾನೆ."

"ಮೇಡಂ, ಅದು ಅವರು ಮಾಡಿದ್ದರಲ್ಲೇ ಶ್ರೇಷ್ಠವಾದದ್ದು! ಅದನ್ನ ಗಲಾಟೆ ಅಂದ್ರೆ ನಿಮಗೆ ಕಿವಿನೇ ಇಲ್ಲ! ಆ ಚಪ್ಪಾಳೆ ಹಾಡು ಕೇಳಿ ಕೇಳಿ ಕಿವಿಗೆ ತುಕ್ಕು ಹಿಡಿದಿದೆ ನಿಮಗೆ!" ಅವರ ಕೂಗು ಲಿಫ್ಟಿನ ಬಾವಿಯಲ್ಲಿ ಕೆಳಗಿನವರೆಗೂ ಇಳಿಯಿತು. ಎರಡನೇ ಮಹಡಿಯ ವಕೀಲರು ಮೆಟ್ಟಿಲ ಹತ್ತಿರ ಬಂದು ಮೇಲೆ ನೋಡಿದರು. "ಆವತ್ತು ನಾನು ಹೇಳಿದ್ದು ಸುಳ್ಳು. ನಿಮ್ಮ ಹಾಡು ಒಂದೂ ನನಗೆ ಇಷ್ಟ ಇಲ್ಲ. ಒಂದೂ! ನೀವು ಹೂಂ ಅಂದ್ರೆ ಸಾಕು ಅಂತ ಹಂಗಂದೆ."

"ಈಗ?"

"ನೀವು ಆಗ್ಲೇ ಬೇಡ ಅಂದಾಗಿದೆಯಲ್ಲ. ನನಗಿನ್ಯಾರ ಭಯ?"

ಅಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಈಗ ಇಬ್ಬರ ಮುಖವೂ ಒಂದೇ ಮಟ್ಟಕ್ಕೆ ಬಂತು.

"ಈಗ ಕೇಳಿ," ಎಂದಳು. "ಆವತ್ತು ಕೇಳಿದ್ದನ್ನ."

ಅವರು ಕೇಳಲಿಲ್ಲ. ಗ್ರೀಸು ಮೆತ್ತಿದ ಕೈಯಲ್ಲೇ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಸರಿ, ನಾನೇ ಹೇಳ್ತೀನಿ. ಮದುವೆ ಆಗೋಣ," ಎಂದಳು ಅಕ್ಕ. "ಆದ್ರೆ ಮೂರನೇದು ಗಲಾಟೆನೇ. ಸಾಯೋವರೆಗೂ ಹೇಳ್ತಿರ್ತೀನಿ."

"ಹೇಳಿ," ಎಂದರು ಲಿಫ್ಟಿನವರು. "ದಿನಾ ಹೇಳಿ."